ಲಾಂಛನಧಾರಣೆ: ಅಭಿರುಚಿ ಮತ್ತು ಔಚಿತ್ಯದ ನೆಲೆಗಳು

ತಯಾರಕ ಸಂಸ್ಥೆಯ ಹೆಸರನ್ನೋ ಗುರುತನ್ನೋ ಎದೆಯ ಮೇಲೆ ಎದ್ದುಕಾಣುವಂತೆ ಮುದ್ರಿಸಿದ ಉಡುಪನ್ನು ತೊಡುವುದು ಕೀಳು ಅಭಿರುಚಿಯ ಲಕ್ಷಣವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕನ್ನಡ ಅಧ್ಯಯನದ ವ್ಯಾಪ್ತಿಗೆ ಸೇರಿದುದಲ್ಲ ಎನಿಸಬಹುದು. ಸಮಾಜಶಾಸ್ತ್ರಜ್ಞರೂ ಮಾರುಕಟ್ಟೆಯ ಅಧ್ಯಯನಕಾರರೂ ಇದನ್ನು ತಮ್ಮ ವಿಷಯವಾಗಿಸಿಕೊಂಡು ದಶಕಗಳೇ ಕಳೆದಿವೆ. ಆದರೆ ಈ ಗುರುತಿಗೆ ಕನ್ನಡವು ಕೊಟ್ಟಿರುವ ಹೆಸರು ‘ಲಾಂಛನ’. ತಾಮ್ರಶಾಸನಗಳ ಮುದ್ರೆಯಿಂದ ವಚನಗಳವರೆಗೆ, ತೀರ್ಥಂಕರರ ಪೀಠದಿಂದ ರಾಜ್ಯ ಸರ್ಕಾರದ ಕಾಗದದವರೆಗೆ ಸಂಚರಿಸಿರುವ ಈ ಪದ ಇಂದು ಅಂಗಿಯ ಮೇಲೆ ಬಂದು ಕುಳಿತಿದೆ. ಚಂದ್ರನಲ್ಲಿ ಕಾಣುವ ಮೊಲದ ಗುರುತೂ ಲಾಂಛನವೇ. ಅಂದರೆ ಚಿಹ್ನೆ ಎಂಬ ಅರ್ಥದೊಡನೆ ಕಳಂಕವೆಂಬ ಅರ್ಥವೂ ಈ ಪದದಲ್ಲಿ ಸೇರಿಕೊಂಡಿದೆ. ಗುರುತನ್ನು ಧರಿಸುವುದರ ಹಿರಿಮೆ ಮತ್ತು ಅಪಾಯ ಎರಡನ್ನೂ ಒಂದೇ ಪದದಲ್ಲಿ ಹಿಡಿದಿಟ್ಟಿರುವ ಭಾಷೆಯೊಂದು ಈ ಪ್ರಶ್ನೆಯ ಬಗ್ಗೆ ಏನು ಹೇಳಬಲ್ಲದು ಎಂಬುದು ಪರಿಶೀಲನಾರ್ಹ.

ಮೊದಲು ವಸ್ತುಸ್ಥಿತಿ. ಉಡುಪಿನ ತಯಾರಕನ ಹೆಸರು ಬಹುಕಾಲ ಬಟ್ಟೆಯ ಒಳಬದಿಯಲ್ಲೇ ಇತ್ತು. ಕತ್ತಿನ ಹಿಂಭಾಗದ ಪಟ್ಟಿಯ ಮೇಲಿನ ಹೆಸರು ತೊಡುವವನಿಗಷ್ಟೇ ಕಾಣುತ್ತಿತ್ತು. ಅದು ತಯಾರಿಸಿದವನು ಕೊಂಡವನಿಗೆ ಕೊಟ್ಟ ಒಂದು ಮಾತು. ೧೮೯೬ರಲ್ಲಿ ಪ್ಯಾರಿಸ್ಸಿನ ಲೂಯಿ ವಿಟಾನ್ ಸಂಸ್ಥೆ ತನ್ನ ಪೆಟ್ಟಿಗೆಗಳ ಮೇಲೆ ಸ್ಥಾಪಕನ ಹೆಸರಿನ ಮೊದಲಕ್ಷರಗಳನ್ನು ಹೆಣೆದ ವಿನ್ಯಾಸವನ್ನು ಹರಡಿದಾಗಲೂ ಮುಖ್ಯ ಉದ್ದೇಶ ನಕಲನ್ನು ತಡೆಯುವುದಾಗಿತ್ತು. ಅದೇ ಸಂಸ್ಥೆ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಕಲಿಗೆ ಒಳಗಾಗುವ ಸಂಸ್ಥೆಗಳಲ್ಲೊಂದು ಎಂಬುದು ಬೇರೆ ಮಾತು. ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಾಕೋಸ್ಟ್ ೧೯೩೩ರಲ್ಲಿ ಪಾಲುದಾರರೊಬ್ಬರೊಡನೆ ಆರಂಭಿಸಿದ ಸಂಸ್ಥೆಯ ಅಂಗಿಗಳ ಎದೆಯ ಮೇಲೆ ಮೊಸಳೆಯ ಕಸೂತಿಯಿತ್ತು. ಮೊಸಳೆ ಎಂಬುದು ಅವನಿಗೆ ಆಟದ ವಲಯದಲ್ಲಿ ಬಂದಿದ್ದ ಅಡ್ಡಹೆಸರು. ತಯಾರಕನ ಗುರುತು ಅಂಗಿಯ ಹೊರಬದಿಗೆ ಬಂದ ಮೊದಲ ಉದಾಹರಣೆಗಳಲ್ಲಿ ಇದೊಂದು. ಕತ್ತಿನ ಹಿಂದಿನಿಂದ ಎದೆಯ ಮೇಲಕ್ಕೆ ಗುರುತು ಸಾಗಿದ ಈ ಗೇಣಗಲದ ದಾರಿಯಲ್ಲಿ ಅದು ಯಾರನ್ನು ಕುರಿತು ಮಾತನಾಡುತ್ತದೆ ಎಂಬುದೇ ಬದಲಾಯಿತು. ಒಳಗಿನ ಗುರುತು ತೊಟ್ಟವನೊಡನೆ ಮಾತನಾಡುತ್ತಿತ್ತು; ಹೊರಗಿನ ಗುರುತು ತೊಟ್ಟವನ ಮೂಲಕ ನೋಡುವವರೊಡನೆ ಮಾತನಾಡುತ್ತದೆ. ತೊಟ್ಟವನು ಆ ಮಾತಿನ ವಾಹಕ ಮಾತ್ರ, ಅದಕ್ಕೆ ಬೆಲೆಯನ್ನು ತೆರುವವನೂ ಅವನೇ.

ಇದನ್ನು ಕೀಳು ಅಭಿರುಚಿಯೆಂದು ಕರೆಯುವ ತೀರ್ಪಿನ ಹಿಂದೆ ದೀರ್ಘವಾದ ಚಿಂತನೆಯಿದೆ. ಥಾರ್ಸ್ಟೈನ್ ವೆಬ್ಲೆನ್ ೧೮೯೯ರ ತನ್ನ ಗ್ರಂಥದಲ್ಲಿ ವಿರಾಮಜೀವಿ ವರ್ಗದ ಪ್ರದರ್ಶನಾತ್ಮಕ ಅನುಭೋಗವನ್ನು ವಿಶ್ಲೇಷಿಸುತ್ತಾ ಹಣದ ಸಂಸ್ಕೃತಿಯ ಅಭಿವ್ಯಕ್ತಿಯಾಗಿ ಉಡುಪನ್ನು ಪರಿಶೀಲಿಸಲು ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಅವನ ದೃಷ್ಟಿಯಲ್ಲಿ ಉಡುಪು ಸದಾ ಮೈಮೇಲೆ ಇರುವುದರಿಂದ, ಅಪರಿಚಿತರಿಗೂ ಒಂದೇ ನೋಟಕ್ಕೆ ಸಂಪತ್ತನ್ನು ಸಾರುವ ಸಾಧನ. ಪಿಯೆರ್ ಬೋರ್ದ್ಯೂ ೧೯೭೯ರಲ್ಲಿ ಪ್ರಕಟಿಸಿದ, ಅಭಿರುಚಿಯ ಸಾಮಾಜಿಕ ವಿಮರ್ಶೆಯನ್ನು ಕುರಿತ ಗ್ರಂಥ ಈ ವಾದವನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಭಿರುಚಿ ಸಹಜವಾದ ಒಳಗುಣವಲ್ಲ. ಕುಟುಂಬದಲ್ಲಿ, ಶಾಲೆಯಲ್ಲಿ ದೊರೆತ ಸಾಂಸ್ಕೃತಿಕ ಬಂಡವಾಳವು ತನ್ನನ್ನು ಸಹಜಗುಣವೆಂದು ತೋರಿಸಿಕೊಳ್ಳುವ ಬಗೆ. ಇನ್ನೊಬ್ಬರ ಅಭಿರುಚಿಯನ್ನು ಕೀಳೆನ್ನುವಾಗ ನುಡಿದವನು ತನ್ನ ವರ್ಗದ ಗಡಿಯನ್ನು ಗುರುತಿಸಿಕೊಳ್ಳುತ್ತಿರುತ್ತಾನೆ.

೨೦೧೦ರಲ್ಲಿ ಯಂಗ್ ಜೀ ಹಾನ್, ಜೋಸೆಫ್ ನೂನ್ಸ್ ಮತ್ತು ಝೇವಿಯರ್ ದ್ರೇಜ್ ಅವರು ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ಮಾರುಕಟ್ಟೆಯಿಂದಲೇ ಸಾಕ್ಷ್ಯ ಒದಗಿಸಿತು. ಐಷಾರಾಮಿ ಕೈಚೀಲಗಳಲ್ಲಿ ಸಂಸ್ಥೆಯ ಗುರುತು ಎದ್ದುಕಾಣುವಂತಿದ್ದಷ್ಟೂ ಬೆಲೆ ಇಳಿಯುತ್ತದೆ. ಅತಿ ದುಬಾರಿಯಾದವುಗಳಲ್ಲಿ ಗುರುತು ಹೆಚ್ಚುಕಡಿಮೆ ಮರೆಯಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಇದರರ್ಥ ಮೇಲ್ವರ್ಗ ಲಾಂಛನವನ್ನು ತ್ಯಜಿಸಿತೆಂದಲ್ಲ. ಹೊಲಿಗೆಯ ಬಗೆ, ಚರ್ಮದ ಹದ, ಗುಂಡಿಯ ಆಕಾರ ಇಂಥ, ತಿಳಿದವರಷ್ಟೇ ಓದಬಲ್ಲ ಲಿಪಿಗೆ ಅದು ತನ್ನ ಲಾಂಛನವನ್ನು ವರ್ಗಾಯಿಸಿಕೊಂಡಿತು. ‘ಸರಳತೆ’ಯೆಂದು ಹೊಗಳಿಸಿಕೊಳ್ಳುವ ಉಡುಪು ಹಲವು ವೇಳೆ ಹೆಚ್ಚು ದುಬಾರಿಯಾದ ಘೋಷಣೆ. ಎದ್ದುಕಾಣುವ ಗುರುತು ಕೀಳೆಂಬ ತೀರ್ಪನ್ನು ತಟಸ್ಥವಾದ ಸೌಂದರ್ಯ ನಿರ್ಣಯವೆಂದು ಒಪ್ಪುವುದು ಇದರಿಂದ ಕಷ್ಟವಾಗುತ್ತದೆ.

ಆದರೆ ಬೋರ್ದ್ಯೂವಿನ ವಾದದೊಡನೆಯೇ ನಿಂತರೆ ಬೇರೊಂದು ತೊಡಕಿದೆ. ಅಭಿರುಚಿಯ ತೀರ್ಪುಗಳೆಲ್ಲ ವರ್ಗದ ಗಡಿರೇಖೆಗಳೇ ಆದರೆ ಯಾವುದನ್ನೂ ಅನುಚಿತವೆನ್ನುವ ಹಕ್ಕು ವಿಮರ್ಶೆಗೆ ಉಳಿಯುವುದಿಲ್ಲ. ನವೋದಯ ಕಾಲದ ವಿಮರ್ಶೆ ‘ಸದಭಿರುಚಿ’ಯನ್ನು ಪ್ರಶ್ನಾತೀತ ಮೌಲ್ಯವಾಗಿ ನಂಬಿತ್ತು, ಆನಂತರದ ಸಂಸ್ಕೃತಿ ವಿಮರ್ಶೆ ಆ ನಂಬಿಕೆಯ ವರ್ಗ ಮತ್ತು ಜಾತಿಮೂಲಗಳನ್ನು ಬಯಲಿಗೆಳೆದು ಅಲ್ಲಿಗೇ ನಿಂತಿತು. ಈ ಎರಡರ ನಡುವೆ ಔಚಿತ್ಯವೆಂಬ ಹಳೆಯ ಪರಿಕಲ್ಪನೆಗೆ ಮರಳುವುದು ಉಪಯುಕ್ತ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡ ತರಗತಿಗಳಿಗೆ ಪರಿಚಿತವಾಗಿರುವ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ವಿವರಿಸುವಾಗ ಆರಿಸಿಕೊಂಡ ದೃಷ್ಟಾಂತ ತೊಡುಗೆಯದೇ. ಕಾಂಚೀದಾಮವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರು ನಗೆಗೀಡಾಗುತ್ತಾರೆಂಬ ಆ ದೃಷ್ಟಾಂತದ ಹಿಂದೆ ನಾಟ್ಯಶಾಸ್ತ್ರದ ಆಹಾರ್ಯ ಪ್ರಕರಣದ ನೆನಪೂ ಇದೆ. ಇಲ್ಲಿ ಗಮನಿಸಬೇಕಾದುದೆಂದರೆ, ದೋಷ ಆಭರಣದಲ್ಲಿಲ್ಲ, ತೊಟ್ಟವನ ಅಂತಸ್ತಿನಲ್ಲೂ ಇಲ್ಲ; ವಸ್ತುವಿಗೂ ಅದು ಇರುವ ಸ್ಥಾನಕ್ಕೂ ನಡುವಿನ ಸಂಬಂಧದಲ್ಲಿದೆ. ಅಭಿರುಚಿಯ ಪ್ರಶ್ನೆ ‘ಇವನು ಯಾರು?’ ಎಂದು ಕೇಳುತ್ತದೆ. ಔಚಿತ್ಯದ ಪ್ರಶ್ನೆ ‘ಇದು ಇಲ್ಲಿ ಏಕೆ?’ ಎಂದು ಕೇಳುತ್ತದೆ.

ಹಾಗಾದರೆ ಲಾಂಛನದ ಸ್ಥಾನ ಯಾವುದು? ಕನ್ನಡ ನೆಲದ ಸಾಂಸ್ಕೃತಿಕ ಚರಿತ್ರೆಯಲ್ಲಿ ಇದಕ್ಕೆ ಸಮೃದ್ಧವಾದ ಆಧಾರಗಳಿವೆ. ಚಾಲುಕ್ಯರ ತಾಮ್ರಪಟಗಳ ಉಂಗುರದ ಮೇಲಿನ ವರಾಹ, ಗಂಗರ ಮುದ್ರೆಯ ಆನೆ ಅಲಂಕಾರಕ್ಕಾಗಿ ಬಂದವಲ್ಲ. ದತ್ತಿಯನ್ನು ಕೊಟ್ಟ ಅರಸನನ್ನೂ ಅವನ ಮುಂದಿನ ಪೀಳಿಗೆಯನ್ನೂ ಆ ಮುದ್ರೆ ಮಾತಿಗೆ ಕಟ್ಟಿಹಾಕುತ್ತದೆ. ಶಾಸನಾಂತ್ಯದ ಶಾಪಾಶಯಗಳು ದತ್ತಿಯನ್ನು ಅಪಹರಿಸಿದ ಯಾರನ್ನೂ, ಅರಸರನ್ನೂ ಕೂಡ, ಬಿಡುವುದಿಲ್ಲ. ಇಲ್ಲಿ ಹೊಣೆ ಲಾಂಛನದ ಒಡೆಯನದು. ವೀರರು ಕಾಲಿಗೆ ತೊಡುತ್ತಿದ್ದ ಬಿರುದಿನ ತೊಡರು, ಪೆಂಡೆಯಗಳಲ್ಲಿ ಹೊಣೆ ತೊಟ್ಟವನದು. ಬಿರುದನ್ನು ಹೊತ್ತವನು ಸವಾಲಿಗೆ ಉತ್ತರ ಕೊಡಬೇಕು. ಕೊಡಲಾರದವನು ಹಾಸ್ಯಕ್ಕೆ ವಸ್ತುವಾಗುತ್ತಾನೆ. ಉತ್ತರಕುಮಾರನ ಪಾತ್ರವನ್ನು ಕುಮಾರವ್ಯಾಸನು ಬೆಳೆಸಿರುವ ರೀತಿಯಲ್ಲಿ ಈ ಹಾಸ್ಯದ ಮೂಲವನ್ನು ಕಾಣಬಹುದು. ಮಾಧ್ವರ ತಪ್ತಮುದ್ರಾಧಾರಣೆಯಲ್ಲಿ ಕಾಯಿಸಿದ ಶಂಖಚಕ್ರಗಳ ಗುರುತು ನೇರವಾಗಿ ಮೈಯ ಮೇಲೆಯೇ ಬೀಳುತ್ತದೆ. ಆ ಉರಿಯನ್ನು ಸಹಿಸಿದವನು ತನ್ನನ್ನು ಒಬ್ಬ ಒಡೆಯನಿಗೆ ಒಪ್ಪಿಸಿಕೊಂಡಿರುತ್ತಾನೆ, ಒಡೆಯನು ರಕ್ಷಿಸುತ್ತಾನೆಂಬ ಭರವಸೆಯೂ ಅದರಲ್ಲಿದೆ.

ವಚನಕಾರರ ಮತ್ತು ಹರಿದಾಸರ ಅಂಕಿತ ಇದೇ ಸಾಲಿಗೆ ಸೇರುವ, ಆದರೆ ಹೆಚ್ಚು ಸೂಕ್ಷ್ಮವಾದ ಗುರುತು. ಕೃತಿಯ ಕೊನೆಯಲ್ಲಿ ಕರ್ತೃವಿನ ಹೆಸರು ಬರಬೇಕಾದ ಕಡೆ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಪುರಂದರವಿಠಲ ಎಂಬ ಹೆಸರುಗಳು ಬರುತ್ತವೆ. ಹೊರನೋಟಕ್ಕೆ ಇದೂ ತನ್ನ ಕೃತಿಯ ಮೇಲೆ ಪರರ ಹೆಸರನ್ನು ಹೊರುವುದೇ. ಆದರೆ ಪರಿಣಾಮ ವಿರುದ್ಧವಾದುದು. ಅಂಕಿತದ ಮೂಲಕ ವಚನಕಾರ ಮರೆಯಾಗುವುದಿಲ್ಲ, ಗುರುತಿಸಲ್ಪಡುತ್ತಾನೆ. ‘ರಾಮನಾಥ’ ಎಂಬ ಅಂಕಿತವನ್ನು ಕಂಡೊಡನೆ ಓದುಗನ ಮನಸ್ಸಿಗೆ ಬರುವುದು ಜೇಡರ ದಾಸಿಮಯ್ಯ, ಮುದನೂರಿನ ನೇಕಾರ.

ಲಾಂಛನದ ಬಗ್ಗೆ ಅತ್ಯಂತ ತೀಕ್ಷ್ಣವಾದ ಚರ್ಚೆ ನಡೆದುದೂ ವಚನಗಳಲ್ಲೇ. ಲಾಂಛನವನ್ನು ಕಂಡೊಡನೆ ವಿಚಾರಿಸದೆ ಶರಣೆನ್ನುವ ನಿಲುವು ಅಲ್ಲಿದೆ. ನಡೆಯಿಲ್ಲದ ಲಾಂಛನಧಾರಿಯನ್ನು ವೇಷಧಾರಿಯೆಂದು ತಳ್ಳಿಹಾಕುವ ನಿಲುವೂ ಇದೆ. ಇವೆರಡನ್ನೂ ಪರಸ್ಪರ ವಿರೋಧವೆಂದು ನೋಡುವ ವಾಡಿಕೆಯಿದೆ. ಎರಡೂ ಒಂದೇ ಗ್ರಹಿಕೆಯ ಮೇಲೆ ನಿಂತಿವೆಯೆನ್ನುವುದು ಹೆಚ್ಚು ಸರಿ. ಲಾಂಛನವು ಒಂದು ನಡೆಯ ಮಾತು ಕೊಡುತ್ತದೆ ಎಂದು ನಂಬಿದವರು ಮಾತ್ರ ಅದಕ್ಕೆ ತಲೆಬಾಗಬಲ್ಲರು. ಅದನ್ನು ನಂಬಿದವರು ಮಾತ್ರವೇ ಮಾತು ತಪ್ಪಿದಾಗ ಕೆರಳಬಲ್ಲರು. ಇಂದಿನ ವ್ಯಾಪಾರ ಲಾಂಛನವನ್ನು ತೊಟ್ಟವನ ಮೇಲೆ ಯಾರೂ ಇಂಥ ಸಿಟ್ಟನ್ನು ತೋರುವುದಿಲ್ಲ. ಅವನು ಯಾವ ಮಾತನ್ನೂ ಕೊಟ್ಟಿಲ್ಲ. ಓಟದ ಬೂಟಿನ ಗುರುತುಳ್ಳ ಅಂಗಿಯನ್ನು ತೊಟ್ಟವನು ಓಡಬೇಕಾಗಿಲ್ಲ.

ಆಧುನಿಕ ಕಾಲದಲ್ಲಿ ಹೊಣೆಯುಳ್ಳ ಲಾಂಛನದ ಬಹುದೊಡ್ಡ ಪ್ರಯೋಗ ಖಾದಿ, ಅದರ ಅತಿ ಕಠಿಣ ರೂಪಕ್ಕೆ ಅಂಗೀಕಾರ ದೊರೆತುದು ಕನ್ನಡ ನೆಲದಲ್ಲಿ. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ೧೯೨೪ರ ಡಿಸೆಂಬರಿನಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನವು ನೂಲುವಿಕೆಯನ್ನು ಸದಸ್ಯತ್ವದ ಷರತ್ತಾಗಿ ಒಪ್ಪಿತು. ಸದಸ್ಯನಾದವನು ತಿಂಗಳಿಗೆ ೨,೦೦೦ ಗಜ ನೂಲನ್ನು ಒಪ್ಪಿಸಬೇಕು, ರಾಜಕೀಯ ಸಮಾರಂಭಗಳಲ್ಲಿ ಖಾದಿಯನ್ನು ಉಡಬೇಕು ಎಂಬುದು ನಿಯಮ. ಸ್ವತಃ ನೂಲಲಾರದವನು ಬೇರೆಯವರ ನೂಲನ್ನು ತಂದು ಕೊಡಬಹುದಿತ್ತು. ವರ್ಷ ತುಂಬುವುದರೊಳಗೆ, ೧೯೨೫ರಲ್ಲಿ, ಷರತ್ತು ಸಡಿಲಗೊಂಡಿತು. ಪ್ರಯೋಗ ಸೋತಿರಬಹುದು. ಆದರೆ ಖಾದಿಯ ಲಾಂಛನಕ್ಕೆ ಒಂದು ಅಳತೆಯಿತ್ತು, ಅದನ್ನು ಗಜಗಳಲ್ಲಿ ಎಣಿಸಬಹುದಿತ್ತು ಎಂಬುದು ಮುಖ್ಯ. ಮುಂದೆ ಖಾದಿ ಅಧಿಕಾರಸ್ಥರ ಸಮವಸ್ತ್ರವಾದಾಗ ಹುಟ್ಟಿದ ವ್ಯಂಗ್ಯವು ವಚನಕಾರರು ವೇಷಧಾರಿಯ ಮೇಲೆ ತೋರಿದ ಸಿಟ್ಟಿನ ವಂಶದ್ದೇ.

ಇಷ್ಟರಿಂದ ಲಾಂಛನರಹಿತವಾದ ಸರಳ ಉಡುಪೇ ಉಚಿತವೆಂಬ ನಿರ್ಣಯಕ್ಕೆ ಬರುವುದು ಅವಸರವಾದೀತು. ಉಡುಪಿನ ಮೇಲಿನ ಗುರುತನ್ನು ಎಲ್ಲರೂ ಇಷ್ಟಪಟ್ಟು ಆರಿಸಿಕೊಂಡಿರುವುದಿಲ್ಲ. ೧೯೨೭ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಮಹಿಳೆಯರನ್ನುದ್ದೇಶಿಸಿ ಮಾತನಾಡಿದಾಗ ಸೀರೆಯುಡುವ ರೀತಿಯನ್ನು ಬದಲಿಸಿಕೊಳ್ಳುವಂತೆಯೂ ಅಸ್ಪೃಶ್ಯತೆಯ ಗುರುತಾಗಿದ್ದ ಒಡವೆಗಳನ್ನು ಬಿಡುವಂತೆಯೂ ಹೇಳಿದುದು ಉಡುಪಿನ ಚರಿತ್ರೆಯಲ್ಲಿ ಮಹತ್ವದ ಘಟನೆ. ಅಲ್ಲಿ ಸೀರೆಯ ನೆರಿಗೆಯೇ ಲಾಂಛನ. ತೊಟ್ಟವರ ಮೇಲೆ ಹೇರಿದ, ಕಳಂಕವೆಂಬ ಅರ್ಥದ ಲಾಂಛನ. ಅಂಬೇಡ್ಕರರ ಸೂಟು ಗಾಂಧೀಜಿಯವರ ತುಂಡು ಪಂಚೆಗೆ ಕೊಟ್ಟ ಉತ್ತರದಂತಿದೆ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಬಡತನವನ್ನು ಆರಿಸಿಕೊಳ್ಳಬಲ್ಲವನಿಗೆ ಸರಳ ಉಡುಪು ತ್ಯಾಗವಾಗುತ್ತದೆ. ಅದನ್ನು ಹುಟ್ಟಿನಿಂದಲೇ ಹೊತ್ತವನಿಗೆ ತ್ಯಾಗ ಮಾಡಲು ಏನೂ ಇರುವುದಿಲ್ಲ. ಊರಿನ ಕೇರಿಯಿಂದ ನಗರದ ಕಾಲೇಜಿಗೆ ಬಂದ ಹುಡುಗ ಸಂತೆಯಲ್ಲಿ ಕೊಂಡ, ವಿದೇಶಿ ಸಂಸ್ಥೆಯ ಹೆಸರನ್ನು ತಪ್ಪು ಕಾಗುಣಿತದಲ್ಲಿ ಮುದ್ರಿಸಿದ ಅಂಗಿಯನ್ನು ತೊಟ್ಟು ತರಗತಿಯಲ್ಲಿ ಕುಳಿತಾಗ ನಗುವ ಅಧ್ಯಾಪಕನು ಏನನ್ನು ಕಂಡು ನಗುತ್ತಿದ್ದಾನೆ ಎಂಬುದನ್ನು ಕೇಳಿಕೊಳ್ಳಬೇಕು. ಆ ಅಂಗಿ ಯಾರನ್ನೂ ವಂಚಿಸುತ್ತಿಲ್ಲ, ಅದರ ಬೆಲೆ ಎಲ್ಲರಿಗೂ ಗೊತ್ತು. ಅದರ ಮೇಲಿನ ಅಕ್ಷರ ಹೇಳುವುದಿಷ್ಟೇ: ತನ್ನ ಜಾತಿಯನ್ನೂ ಊರನ್ನೂ ಹೇಳದ ಒಂದು ಗುರುತು ಇವನ ಮೈಮೇಲೆ ಇದೆ.

ನ್ಯೂಯಾರ್ಕಿನ ಹಾರ್ಲೆಮ್ಮಿನ ಒಂದು ನಿದರ್ಶನ ಇಲ್ಲಿ ಹೋಲಿಕೆಗೆ ಯೋಗ್ಯ. ‘ಡ್ಯಾಪರ್ ಡ್ಯಾನ್’ ಎಂದು ಹೆಸರಾದ ಕಪ್ಪು ದರ್ಜಿ ಡೇನಿಯಲ್ ಡೇ ೧೯೮೨ರಿಂದ ೧೯೯೨ರವರೆಗೆ ಯುರೋಪಿನ ಐಷಾರಾಮಿ ಸಂಸ್ಥೆಗಳ ಲಾಂಛನಗಳನ್ನು ತನ್ನದೇ ವಿನ್ಯಾಸದ ಉಡುಪುಗಳ ಮೇಲೆ ದೊಡ್ಡದಾಗಿ ಮುದ್ರಿಸಿ, ತನ್ನ ಬಡಾವಣೆಯ ಹಾಡುಗಾರರಿಗೂ ಆಟಗಾರರಿಗೂ ಹೊಲಿದುಕೊಟ್ಟ. ಆ ಸಂಸ್ಥೆಗಳೇ ತಯಾರಿಸದಿದ್ದ ಬಗೆಯ ಉಡುಪುಗಳವು. ಕಾನೂನು ಕ್ರಮಗಳ ಪರಿಣಾಮವಾಗಿ ಅಂಗಡಿ ಮುಚ್ಚಿತು. ೨೦೧೭ರಲ್ಲಿ ಗುಚಿ ಸಂಸ್ಥೆ ಅವನ ಹಳೆಯ ಜಾಕೆಟ್ಟೊಂದನ್ನು ಬಹುಮಟ್ಟಿಗೆ ಹೋಲುವ ಉಡುಪನ್ನು ಪ್ರದರ್ಶಿಸಿ ಟೀಕೆಗೊಳಗಾಯಿತು. ೨೦೧೮ರಲ್ಲಿ ಅದೇ ಸಂಸ್ಥೆಯ ಸಹಯೋಗದಲ್ಲಿ ಹಾರ್ಲೆಮ್ಮಿನಲ್ಲಿ ಅವನ ಹೊಲಿಗೆಮನೆ ಮತ್ತೆ ತೆರೆಯಿತು. ಒಂದೇ ಲಾಂಛನ ಮೊದಲು ಕಳ್ಳತನವೆನಿಸಿ, ಆಮೇಲೆ ಒಡೆಯರ ಕೈಯಿಂದಲೇ ಅನುಕರಣೆಗೆ ಒಳಗಾಗಿ, ಕೊನೆಗೆ ಗೌರವವಾಯಿತು. ಬಟ್ಟೆಯಾಗಲಿ ವಿನ್ಯಾಸವಾಗಲಿ ಈ ಅವಧಿಯಲ್ಲಿ ಹೆಚ್ಚು ಬದಲಾಗಲಿಲ್ಲ. ಅಭಿರುಚಿಯ ತೀರ್ಪು ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಗುರುತನ್ನು ಕೂಡಿ ಹೊರುವ ಸಂದರ್ಭಗಳೂ ಇವೆ. ಬೆಂಗಳೂರಿನ ಕ್ರಿಕೆಟ್ ತಂಡದ ಅಂಗಿಯನ್ನು ತೊಡುವ ಅಭಿಮಾನಿಯ ಮೈಮೇಲೆ ಪ್ರಾಯೋಜಕರ ಹೆಸರುಗಳಿರುತ್ತವೆ. ೨೦೦೮ರಲ್ಲಿ ಹುಟ್ಟಿದ ಆ ತಂಡದ ಹೆಸರೇ ಒಂದು ಮದ್ಯದ ಹೆಸರಿನಿಂದ ಬಂದುದು. ಆದರೂ ತೊಟ್ಟವನಿಗೆ ಅದು ಊರಿನ ಅಂಗಿ, ತಂಡ ಸೋತಾಗಲೂ ತೊಡಬೇಕಾದ ತೊಡರು. ಇನ್ನು ಮನೆಬಾಗಿಲಿಗೆ ಊಟ ತಂದುಕೊಡುವ ಹುಡುಗರ ಬೆನ್ನಿನ ಮೇಲಿನ ದೊಡ್ಡ ಅಕ್ಷರಗಳನ್ನು ಕೀಳು ಅಭಿರುಚಿಯೆಂದು ಯಾರೂ ಕರೆದಂತಿಲ್ಲ. ಕೂಲಿಗಾಗಿ ಹೊತ್ತ ಲಾಂಛನ ಅಭಿರುಚಿಯ ವಿಚಾರಣೆಗೆ ಬರುವುದೇ ಇಲ್ಲ.

ಹಾಗಿದ್ದರೆ ವ್ಯಾಪಾರ ಲಾಂಛನದಲ್ಲಿ ಅನೌಚಿತ್ಯವೇ ಇಲ್ಲವೇ? ಇದೆ, ಆದರೆ ಬೇರೊಂದು ಕಡೆ. ಇಳಕಲ್ ಸೀರೆಯನ್ನು ಒಂದು ಕ್ಷಣ ನೆನೆಯಬಹುದು. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿಗಳಿಂದ ಕೂಡಿಸುವ ವಿಧಾನ, ತೋಪುತೆನೆಯ ಕೆಂಪು ಸೆರಗು, ಅಂಚಿನ ಚಿಕ್ಕಿ ಪರಾಸು ಇವುಗಳಿಂದಲೇ ಅದು ಇಳಕಲ್ಲಿನದೆಂದು ದೂರದಿಂದ ತಿಳಿಯುತ್ತದೆ. ಅಲ್ಲಿ ಯಾರ ಹೆಸರೂ ಬರೆದಿಲ್ಲ, ಮಾಡಿದ ಕೆಲಸವೇ ಗುರುತಾಗಿದೆ. ೧೯೧೨ರಲ್ಲಿ ಸ್ಥಾಪನೆಯಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಪರಂಪರೆಯ ಸೀರೆಗಳಲ್ಲಿ ಗುರುತಿನ ಸಂಖ್ಯೆಯಿರುವುದು ಕೊಂಡವರಿಗೆ ಭರವಸೆ ಕೊಡಲೇ ಹೊರತು ನೋಡುವವರಿಗಾಗಿ ಅಲ್ಲ. ಕಾನೂನು ಕೂಡ ಈ ಎರಡು ಬಗೆಯ ಗುರುತುಗಳನ್ನು ಬೇರೆಬೇರೆಯಾಗಿ ಕಂಡಿದೆ. ವ್ಯಾಪಾರ ಚಿಹ್ನೆಗಳ ಕಾಯಿದೆ ಮತ್ತು ಭೌಗೋಳಿಕ ಸೂಚಿಗಳ ಕಾಯಿದೆ ಎರಡೂ ೧೯೯೯ರಲ್ಲಿ ರೂಪುಗೊಂಡು ೨೦೦೩ರ ಸೆಪ್ಟೆಂಬರ್ ೧೫ರಂದು ಒಟ್ಟಿಗೇ ಜಾರಿಗೆ ಬಂದವು. ವ್ಯಾಪಾರ ಚಿಹ್ನೆಯನ್ನು ಮಾರಬಹುದು, ಬಳಕೆಗೆ ಪರವಾನಗಿ ನೀಡಬಹುದು. ಊರಿಗೂ ಉತ್ಪಾದಕ ಸಮುದಾಯಕ್ಕೂ ಸೇರಿದ ಭೌಗೋಳಿಕ ಸೂಚಿಯನ್ನು ಹಾಗೆ ಪರಭಾರೆ ಮಾಡಲಾಗದು. ಮಾಡಿದವರಿಂದ ಬೇರ್ಪಡಿಸಿ ಮಾರಬಹುದಾದ ಗುರುತು ಮಾತ್ರವೇ ಈ ಅರ್ಥದಲ್ಲಿ ಅಂಗಿಯ ಎದೆಗೇರಿದೆ.

ಬೆಂಗಳೂರು ಈ ಬೇರ್ಪಡಿಕೆಯ ಒಂದು ಕೇಂದ್ರ. ಜಗತ್ತಿನ ಹೆಸರಾಂತ ಸಂಸ್ಥೆಗಳ ಲಾಂಛನವನ್ನು ಹೊರುವ ಉಡುಪುಗಳನ್ನು ಪೀಣ್ಯದಿಂದ ಹೊಸೂರು ರಸ್ತೆಯವರೆಗಿನ ಕಾರ್ಖಾನೆಗಳಲ್ಲಿ ಹೊಲಿಯುವವರಲ್ಲಿ ಬಹುಪಾಲು ಮಹಿಳೆಯರು. ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು ಐವತ್ತೆಂಟನೆಯ ವಯಸ್ಸಿನವರೆಗೆ ಹಿಂಪಡೆಯದಂತೆ ಮಾಡಿದ ಕೇಂದ್ರದ ನಿಯಮದ ವಿರುದ್ಧ ೨೦೧೬ರ ಏಪ್ರಿಲ್ ೧೮ ಮತ್ತು ೧೯ರಂದು ಅವರು ಬೀದಿಗಿಳಿದು ಹೆದ್ದಾರಿಗಳನ್ನು ತಡೆದಾಗ ಎರಡೇ ದಿನಗಳಲ್ಲಿ ಆ ನಿಯಮ ಹಿಂದೆ ಸರಿಯಿತು. ಅಂಗಿಯ ಎದೆಯ ಮೇಲೆ ಹೆಸರಿರುವ ಸಂಸ್ಥೆಗಳಾವುವೂ ಕಾನೂನಿನ ದೃಷ್ಟಿಯಲ್ಲಿ ಈ ಕಾರ್ಮಿಕರ ಮಾಲೀಕರಲ್ಲ. ಮಾಲೀಕರು ಗುತ್ತಿಗೆ ಪಡೆದ ಕಾರ್ಖಾನೆಯವರು. ತಾಮ್ರಪಟದ ವರಾಹವು ಒಡೆಯನನ್ನು ಕಟ್ಟಿಹಾಕಿತ್ತು, ಕಾಲಿನ ತೊಡರು ತೊಟ್ಟವನನ್ನು ಕಟ್ಟಿಹಾಕಿತ್ತು. ಅಂಗಿಯ ಎದೆಯ ಮೇಲಿನ ಗುರುತಿನಲ್ಲಿ ಲಾಂಛನದ ಒಡೆಯನು ಮಾಡಿದವಳಿಗೆ ಹೊಣೆಯಲ್ಲ, ತೊಟ್ಟವನು ಯಾವ ನಡೆಗೂ ಹೊಣೆಯಲ್ಲ. ಕ್ಷೇಮೇಂದ್ರನ ದೃಷ್ಟಾಂತದ ಕಾಂಚೀದಾಮದಂತೆ ಸ್ಥಾನ ತಪ್ಪಿರುವುದು ಇಲ್ಲಿ. ಈ ಅನೌಚಿತ್ಯಕ್ಕೂ ಗುರುತಿನ ಗಾತ್ರಕ್ಕೂ ಸಂಬಂಧವಿಲ್ಲ. ಗುರುತನ್ನು ಮರೆಮಾಡಿದ ದುಬಾರಿ ಅಂಗಿಯಲ್ಲೂ ಅದು ಅಷ್ಟೇ ಇರುತ್ತದೆ.

ರಫ್ತಿಗೆಂದು ಹೊಲಿದು ಉಳಿದ, ಅಥವಾ ಸಣ್ಣ ಕುಂದಿನಿಂದಾಗಿ ತಿರಸ್ಕೃತವಾದ ಉಡುಪುಗಳು ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಹೆಸರಿನಲ್ಲಿ ಬೆಂಗಳೂರಿನ ಅಂಗಡಿಗಳಿಗೆ ಬರುತ್ತವೆ. ಸಂಸ್ಥೆಯ ಹೆಸರಿನಲ್ಲಿ ಮಾರಕೂಡದೆಂದು ಅವುಗಳ ಕತ್ತಿನ ಪಟ್ಟಿಯನ್ನು ಕತ್ತರಿಸಿಯೋ ಅಡ್ಡವಾಗಿ ಸೀಳಿಯೋ ಇರುತ್ತಾರೆ. ಅದೇ ನೂಲು, ಅದೇ ಹೊಲಿಗೆ, ಹಲವು ವೇಳೆ ಅದೇ ಕೈ. ಬೆಲೆ ಮಾತ್ರ ಮೂಲ ಬೆಲೆಯ ಒಂದು ಸಣ್ಣ ಪಾಲು. ಲಾಂಛನವನ್ನು ಕಳೆದ ಮೇಲೆ ಉಳಿಯುವುದರಲ್ಲಿ ಹೊಲಿದವಳ ಅಂಕಿತವಿಲ್ಲ, ಜೇಡರ ದಾಸಿಮಯ್ಯನಿಗಿದ್ದಂತೆ ಕಸುಬಿನ ಹೆಸರೂ ಇಲ್ಲ. ಸೀಳಿದ ಪಟ್ಟಿಯಲ್ಲಿ ಸಾಮಾನ್ಯವಾಗಿ ಓದಲು ಸಿಗುವುದು ಅಳತೆಯನ್ನು ಸೂಚಿಸುವ ಒಂದಕ್ಷರ, ಮತ್ತು ತಯಾರಾದ ದೇಶದ ಹೆಸರು.